ಎರಡು ಕೈ ಸೇರಿದರೇ ಚಪ್ಪಾಳೆ

ಕೇಳುಗರಿಗೆ ನಮಸ್ಕಾರ.

ಹಿಪ್ ಹಾಪ್ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಅದು ದೊಡ್ಡ ಸಮುದ್ರ, ನನಗೆ ಕೊಟ್ಟಿರುವುದು ಕೆಲವೇ ನಿಮಿಷ. ಹಾಗಾಗಿ ಒಂದೇ ಆಲ್ಬಮ್ ಹಿಡಿದುಕೊಳ್ಳುತ್ತೇನೆ. ಅದರ ಹೆಸರು 'ಮ್ಯಾಡ್‌ವಿಲನಿ'. 2004ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್‌ನ ಸ್ಟೋನ್ಸ್ ಥ್ರೋ ಎಂಬ ಕಂಪನಿ ಹೊರತಂದದ್ದು. ಇದರಲ್ಲಿ ರ‍್ಯಾಪರ್ ಪಾಲು ಎಷ್ಟೋ ಪ್ರೊಡ್ಯೂಸರ್ ಪಾಲೂ ಅಷ್ಟೇ. ನಾನು ಹೇಳಲು ಬಂದಿರುವುದು ಇಷ್ಟನ್ನೇ.

ರ‍್ಯಾಪರ್ ಅಂದರೆ ತಾಳಕ್ಕೆ ಸರಿಯಾಗಿ ಪ್ರಾಸದ ಮಾತು ಹೇಳುವವರು. ಪ್ರೊಡ್ಯೂಸರ್ ಅಂದ ಕೂಡಲೇ ದುಡ್ಡು ಹಾಕುವವರು ಅಂದುಕೊಳ್ಳಬೇಡಿ, ಅದು ಸಿನಿಮಾದಲ್ಲಿ. ಹಿಪ್ ಹಾಪ್‌ನಲ್ಲಿ ಪ್ರೊಡ್ಯೂಸರ್ ಅಂದರೆ ಬೀಟ್ ಕಟ್ಟುವವರು. ಹಳೆಯ ರೆಕಾರ್ಡಿನಿಂದ ಒಂದು ತುಣುಕು ಕತ್ತರಿಸಿ, ಅದು ಮತ್ತೆ ಮತ್ತೆ ಬರುವಂತೆ ಸುತ್ತಿಸಿ, ಅದಕ್ಕೆ ಡ್ರಮ್ ಕೂರಿಸುವವರು. ಇದನ್ನು ಎಷ್ಟು ಜನಕ್ಕೆ ಹೇಳಿದ್ದೇನೋ ಲೆಕ್ಕವಿಲ್ಲ. ಇರಲಿ, ಇವತ್ತು ಇನ್ನೊಂದು ಸಲ.

ಇಲ್ಲಿ ಬೀಟ್ ಕಟ್ಟಿದವರು ಮ್ಯಾಡ್‌ಲಿಬ್, ಕ್ಯಾಲಿಫೋರ್ನಿಯಾದ ಆಕ್ಸ್‌ನಾರ್ಡ್ ಊರಿನವರು. ರ‍್ಯಾಪರ್ ಎಂಎಫ್ ಡೂಮ್, ಲಂಡನ್‌ನಲ್ಲಿ ಹುಟ್ಟಿ ನ್ಯೂಯಾರ್ಕ್ ಪಕ್ಕದ ಲಾಂಗ್ ಐಲ್ಯಾಂಡ್‌ನಲ್ಲಿ ಬೆಳೆದವರು. ಮೊದಲು ತಮ್ಮನ ಜೊತೆ ಕೆಎಂಡಿ ಎಂಬ ಗುಂಪಿನಲ್ಲಿದ್ದರು. 1993ರಲ್ಲಿ ತಮ್ಮ ತೀರಿಕೊಂಡರು. ಮರುವರ್ಷ ಅವರ ಆಗಿನ ರೆಕಾರ್ಡ್ ಕಂಪನಿ ಆ ಗುಂಪಿನ ಆಲ್ಬಮ್ಮನ್ನೇ ತಡೆಹಿಡಿಯಿತು. ಕೆಲವು ವರ್ಷ ಕಣ್ಮರೆಯಾಗಿದ್ದು, ಮುಖಕ್ಕೆ ಮುಖವಾಡ ಹಾಕಿಕೊಂಡು ವಾಪಸ್ ಬಂದರು.

ಇಬ್ಬರೂ ಸೇರಿದಾಗ ಇಟ್ಟುಕೊಂಡ ಹೆಸರು ಮ್ಯಾಡ್‌ವಿಲನ್. 'ಡೂಮ್ ಮತ್ತು ಸಂಗಡಿಗರು' ಅಲ್ಲ, ಗಮನಿಸಿ. 'ಮ್ಯಾಡ್' ಮ್ಯಾಡ್‌ಲಿಬ್ ಅವರದು, 'ವಿಲನ್' ಮುಖವಾಡದ ಡೂಮ್ ಅವರದು.

ಈಗ ನನಗೆ ತುಂಬಾ ಇಷ್ಟವಾದ ಕಥೆ. 2002ರಲ್ಲಿ ಮ್ಯಾಡ್‌ಲಿಬ್ ಬ್ರೆಜಿಲ್‌ಗೆ ಹೋಗುತ್ತಾರೆ. ಹೋದ ಕಡೆ ಮೊದಲು ಹುಡುಕುವುದು ಹಳೆಯ ರೆಕಾರ್ಡು. ಕಟ್ಟುಗಟ್ಟಲೆ ಕೊಂಡು ಸಾವೊ ಪಾಲೊದ ಹೋಟೆಲ್ ರೂಮಿಗೆ ತರುತ್ತಾರೆ. ಆ ರೂಮಿನಲ್ಲಿ ಇದ್ದದ್ದಾದರೂ ಏನು? ಹೊತ್ತು ತಿರುಗಬಹುದಾದ ಒಂದು ರೆಕಾರ್ಡ್ ಪ್ಲೇಯರ್. ಒಂದು ಕ್ಯಾಸೆಟ್ ಡೆಕ್. ಬಾಸ್ ಎಸ್‌ಪಿ-303 ಎಂಬ ಸ್ಯಾಂಪ್ಲರ್, ಅಂದರೆ ತುಣುಕು ಕತ್ತರಿಸಿ ಸುತ್ತಿಸುವ ಯಂತ್ರ, ಮಡಿಲಲ್ಲಿಟ್ಟುಕೊಳ್ಳುವಷ್ಟು ಚಿಕ್ಕದು. ಕಂಪ್ಯೂಟರೂ ಇಲ್ಲ, ಸ್ಟುಡಿಯೋ ಕೂಡ ಇಲ್ಲ. ಈ ಆಲ್ಬಮ್ಮಿನ ಕೆಲವು ಬೀಟ್‌ಗಳು ಹುಟ್ಟಿದ್ದು ಅಲ್ಲೇ! 'ರೇಡ್' ಎಂಬ ಹಾಡು ಕೇಳಿ. ಶುರುವಿಗೆ ಬಿಲ್ ಇವಾನ್ಸ್ ಅವರ ಜಾಝ್ ಪಿಯಾನೋ, ಅದು ಮುಗಿಯುವಷ್ಟರಲ್ಲಿ ಒಂದು ಬ್ರೆಜಿಲ್ ರೆಕಾರ್ಡಿನ ತುಣುಕು. ಎರಡಕ್ಕೂ ಸಂಬಂಧವೇ ಇಲ್ಲ, ಆದರೂ ಹೊಲಿಗೆ ಕಾಣುವುದಿಲ್ಲ. ಇಂಥ ಕೆಲಸ ಮಾಡಿದವರನ್ನು 'ಹಿನ್ನೆಲೆ ಸಂಗೀತ' ಅಂತ ಪಕ್ಕಕ್ಕೆ ಕೂರಿಸುವುದು ಹೇಗೆ?

ಕಥೆ ಇಲ್ಲಿಗೆ ಮುಗಿಯಲಿಲ್ಲ. ಇನ್ನೂ ಅರೆಬರೆಯಾಗಿದ್ದ ಹಾಡುಗಳು ಹೇಗೋ ಇಂಟರ್‌ನೆಟ್‌ಗೆ ಸೋರಿಹೋದವು. ಆಲ್ಬಮ್ ಬರುವುದಕ್ಕೆ ಒಂದು ವರ್ಷಕ್ಕಿಂತ ಮೊದಲೇ! ಇಬ್ಬರೂ ಇದನ್ನು ಬಿಟ್ಟು ಬೇರೆ ಬೇರೆ ಕೆಲಸಕ್ಕೆ ಹೋದರು. ಮತ್ತೆ ಕೈಗೆತ್ತಿಕೊಂಡಾಗ ಡೂಮ್ ಏನು ಮಾಡಿದರು ಗೊತ್ತಾ? ತಮ್ಮ ದನಿಯನ್ನೇ ಇಳಿಸಿದರು. ಸೋರಿಹೋದದ್ದರಲ್ಲಿ ಹುರುಪಿನ, ಏರು ದನಿ. ಆಲ್ಬಮ್ಮಿನಲ್ಲಿ ಗೊಗ್ಗರು ದನಿ, ಈಗಷ್ಟೇ ನಿದ್ದೆಯಿಂದ ಎದ್ದು ಮಾತಾಡಿದ ಹಾಗೆ. ದನಿ ಇಳಿದದ್ದಕ್ಕೇ ಬೀಟ್‌ಗೆ ಜಾಗ ಸಿಕ್ಕಿತು. ಇದನ್ನೇ ನಾನು ಆಗಿನಿಂದ ಹೇಳುತ್ತಿರುವುದು! ಒಬ್ಬರು ಸರಿದು ಕೂತರು, ಇನ್ನೊಬ್ಬರು ಕೇಳಿಸಿದರು.

ಅಯ್ಯೋ, ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಡೂಮ್ ಅವರ ಪ್ರಾಸದ ಬಗ್ಗೆ ಹೇಳಬೇಕಿತ್ತು. ಸಾಲಿನ ಕೊನೆಗೆ ಮಾತ್ರ ಅಲ್ಲ, ಒಳಗೂ ಪ್ರಾಸ, ಪದ ಪದಕ್ಕೂ ಪ್ರಾಸ. ನಮ್ಮ ಆದಿಪ್ರಾಸ, ಅಂತ್ಯಪ್ರಾಸ ಬಲ್ಲವರಿಗೆ ಅದರ ರುಚಿ ಬೇಗ ಹತ್ತುತ್ತದೆ. ಹೆಚ್ಚಿನ ಹಾಡುಗಳಲ್ಲಿ ಪಲ್ಲವಿಯೇ ಇಲ್ಲ. 22 ತುಣುಕು, ಒಟ್ಟು 46 ನಿಮಿಷದ ಆಸುಪಾಸು. ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು ಶುರು. ಡೂಮ್ 2020ರಲ್ಲಿ ತೀರಿಕೊಂಡರು. ಆ ಮಾತು ಇನ್ನೊಂದು ದಿನಕ್ಕಿರಲಿ.

ಕೇಳುವುದಾದರೆ ಎರಡನೇ ಹಾಡಿನಿಂದ ಶುರು ಮಾಡಿ. 'ಅಕಾರ್ಡಿಯನ್' ಅಂತ. ಎರಡು ನಿಮಿಷವೂ ಇಲ್ಲ. ಮೊದಲ ಸಲ ಡೂಮ್ ಮಾತು ಕೇಳಿ. ಎರಡನೇ ಸಲ ಆ ಮಾತನ್ನು ಬಿಟ್ಟು, ಹಿಂದೆ ಉಸಿರೆಳೆಯುತ್ತಾ ಸುತ್ತುವ ರಾಗವನ್ನು ಮಾತ್ರ ಕೇಳಿ.

ನಮಸ್ಕಾರ.