ಹೊಲದ ಅಂಚಿನಲ್ಲಿ ದುಡಿಯುವವರು

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಟೊಮೆಟೊ ಇಟ್ಟವರೇ ಜಾಸ್ತಿ ಅಂತ ಕೇಳಿದೆ. ಕೋಲಾರ ಸೀಮೆ ಅಂದಮೇಲೆ ಇನ್ನೇನು ಅಲ್ವಾ? ಹಾಗಾದರೆ ಟೊಮೆಟೊ ಹೂವಿನಿಂದಲೇ ಶುರು ಮಾಡುತ್ತೇನೆ.

ನಾಳೆ ಬೆಳಿಗ್ಗೆ ತೋಟಕ್ಕೆ ಹೋದಾಗ ಒಂದು ಹೂವನ್ನು ಹತ್ತಿರದಿಂದ ನೋಡಿ. ನಡುವೆ ಹಳದಿ ಬಣ್ಣದ ಚೂಪು ಕೊಳವೆ ಇರುತ್ತದೆ. ಪರಾಗ ಅದರ ಒಳಗಿರುತ್ತದೆ, ಹೊರಬರುವುದು ತುದಿಯಿಂದ. ಗಾಳಿಗೆ ಗಿಡ ಅಲುಗಾಡಿದರೂ ಅಷ್ಟಿಷ್ಟು ಉದುರುತ್ತದೆ. ಆದರೆ ಚೆನ್ನಾಗಿ ಉದುರಬೇಕಾದರೆ ಯಾರಾದರೂ ಹೂವನ್ನು ಹಿಡಿದು ನಡುಗಿಸಬೇಕು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಆ ವಿದ್ಯೆ ಬರುವುದಿಲ್ಲ. ಹೊಟ್ಟೆ ಮೇಲೆ ನೀಲಿ ಪಟ್ಟೆ ಇರುವ, ಗುಂಪು ಕಟ್ಟದೆ ಒಂಟಿಯಾಗಿ ಬದುಕುವ ಒಂದು ಜೇನಿದೆ, ಅದಕ್ಕೆ ಬರುತ್ತದೆ. ಕರಿ ದುಂಬಿಗೂ ಬರುತ್ತದೆ. ಹೂವನ್ನು ಕಚ್ಚಿ ಹಿಡಿದು, ರೆಕ್ಕೆ ಬಡಿಯದೆ, ಎದೆಯ ಸ್ನಾಯು ಮಾತ್ರ ನಡುಗಿಸುತ್ತದೆ. ಆಗ ಬರುವ ಝುಂಯ್ ಸದ್ದು ಹಾರುವಾಗಿನ ಸದ್ದಿಗಿಂತ ಚೂಪು. ಪುಡಿಯೆಲ್ಲ ಅದರ ಹೊಟ್ಟೆ ಮೇಲೆ ಸುರಿಯುತ್ತದೆ. ಬದನೆ ಹೂವಿಗೂ ಇದೇ ಕೆಲಸ ಬೇಕು. ಚೆನ್ನಾಗಿ ಪರಾಗ ಸಿಕ್ಕಿದ ಹೂವಿನ ಕಾಯಿ ದಪ್ಪ ಬರುತ್ತದೆ, ಒಳಗೆ ಬೀಜವೂ ಜಾಸ್ತಿ.

ಈ ನೀಲಿ ಪಟ್ಟೆಯ ಜೇನಿಗೆ ಗೂಡು ಕಟ್ಟಿ ಕೊಡುವ ಪೆಟ್ಟಿಗೆ ಇಲ್ಲ. ಬದುವಿನ ಗಟ್ಟಿ ಮಣ್ಣಿನಲ್ಲಿ, ಹಳೇ ಮಣ್ಣಿನ ಗೋಡೆಯಲ್ಲಿ ಅದೇ ತೂತು ತೋಡಿಕೊಂಡು ಮೊಟ್ಟೆ ಇಡುತ್ತದೆ. ದುಂಬಿಗೆ ಒಣಗಿದ ಕೊಂಬೆ, ಬಿದಿರಿನ ಗಳ ಬೇಕು. ಇನ್ನೊಂದು ವಿಷಯ, ಟೊಮೆಟೊ ಹೂವಿನಲ್ಲಿ ಮಕರಂದವೇ ಇಲ್ಲ. ಪರಾಗಕ್ಕೆ ನಿಮ್ಮ ತೋಟಕ್ಕೆ ಬಂದವರು ಹೊಟ್ಟೆಗೆ ಬೇರೆ ಕಡೆ ಹೋಗಲೇಬೇಕು. ಬದುವಿನ ಮೇಲೆ ತುಂಬೆ ಗಿಡ ಇದ್ದರೆ ಅಲ್ಲಿ ಕುಡಿಯುತ್ತವೆ. ತಂಗಡಿ ಗಿಡ ಇದ್ದರೆ ಇನ್ನೂ ಒಳ್ಳೆಯದು. ಅದರ ಹೂವೂ ಹೀಗೆ ನಡುಗಿಸಿದರೆ ಮಾತ್ರ ಪರಾಗ ಬಿಡುವಂಥದ್ದು. ನಿಮ್ಮ ಟೊಮೆಟೊ ಕಿತ್ತು ಹಾಕಿದ ಮೇಲೂ ಆ ಜೇನುಗಳನ್ನು ಊರಲ್ಲಿ ಉಳಿಸಿಕೊಳ್ಳುವುದು ಇಂಥ ಗಿಡಗಳೇ.

ಈಗ ಏನಾಗಿದೆ ನೋಡಿ. ಎರಡಡಿ ಜಾಗ ಉಳಿಯಲಿ ಅಂತ ಜೆಸಿಬಿ ತರಿಸಿ ಬದು ಸಮ ಮಾಡಿಸುತ್ತೇವೆ. ಉಳಿದ ಬದುವಿಗೆ ಕಳೆನಾಶಕ ಹೊಡೆಯುತ್ತೇವೆ. ನೋಡುವುದಕ್ಕೆ ಚೊಕ್ಕಟ. ಆ ಎರಡಡಿಯಲ್ಲಿ ಹೆಚ್ಚುವರಿ ಬರುವ ಒಂದು ಸಾಲು ಟೊಮೆಟೊಗೆ ಏನು ಕೊಟ್ಟೆವು ಅನ್ನುವ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ನಮ್ಮ ಹಿರಿಯರ ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಇತ್ತು. ರಾಗಿಗೆ ಜೇನು ಬೇಕಿಲ್ಲ, ತನ್ನಷ್ಟಕ್ಕೆ ಕಾಳು ಕಟ್ಟುತ್ತದೆ. ಆದರೆ ನಡುನಡುವೆ ಅವರೆ, ತೊಗರಿ, ಅಲಸಂದೆ, ಸಾಸಿವೆ, ಹುಚ್ಚೆಳ್ಳು ಹಾಕುತ್ತಿದ್ದರು. ಹುಚ್ಚೆಳ್ಳು ತನ್ನದೇ ಪರಾಗಕ್ಕೆ ಕಾಳು ಕಟ್ಟುವುದಿಲ್ಲ, ಪಕ್ಕದ ಗಿಡದ್ದು ಬೇಕು. ಅದಕ್ಕೇ ಹಳದಿ ಹೂವು ಬಿಟ್ಟಾಗ ಆ ಸಾಲಿನ ತುಂಬ ಜೇನು.

ಆ ಹೂವಿಗೆ ಬರುವುದು ಜೇನು ಮಾತ್ರ ಅಲ್ಲ. ಒಂದೇ ಕಡೆ ಗಾಳಿಯಲ್ಲಿ ನಿಂತು ಹಾರುವ ಪಟ್ಟೆ ನೊಣ ನೋಡಿರುತ್ತೀರಿ, ಸಿರ್ಫಿಡ್ ನೊಣ. ಅದು ಪರಾಗ ತಿಂದು ಬಲಿತು, ಅವರೆ ಕುಡಿಯ ಮೇಲೆ ಕಪ್ಪು ಹೇನು ಕೂತಿರುವ ಕಡೆಯೇ ಮೊಟ್ಟೆ ಇಡುತ್ತದೆ. ಮರಿಗೆ ಕಣ್ಣಿಲ್ಲ, ಕಾಲಿಲ್ಲ. ಆದರೂ ತಡವರಿಸಿಕೊಂಡೇ ಹೇನು ಹಿಡಿದು ಹೀರುತ್ತದೆ. ಗುಲಗಂಜಿ ಹುಳುವಿನ ಕೆಲಸವೂ ಅದೇ. ಟ್ರೈಕೋಗ್ರಾಮ ಅಂತ ಒಂದು ಕಣಜ ಇದೆ, ಒಂದು ಮಿಲಿಮೀಟರ್ ಕೂಡ ಇಲ್ಲ. ಚಿಟ್ಟೆ, ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ, ಹುಳು ಹೊರಗೆ ಬರುವುದೇ ಇಲ್ಲ. ಆದರೆ ಈ ಕಣಜಗಳೂ ಮಕರಂದ ಕುಡಿದು ಬದುಕುವಂಥವು. ಹೂವೇ ಇಲ್ಲದ ಹೊಲದಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ. ಹುಳು ಹಿಡಿಯುವವರಿಗೂ ಊಟ ಹಾಕಬೇಕು ಅಲ್ವಾ?

2018ರ ಮೇ ತಿಂಗಳಲ್ಲಿ ಅಮೆರಿಕ ಮೂಲದ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಕಂಡಿದ್ದು ಶಿವಮೊಗ್ಗದಲ್ಲಿ. ಮೆಕ್ಕೆಜೋಳದ ಸುಳಿಯನ್ನೇ ತಿಂದು ಹಾಕಿತು. ಹೊಸ ಹುಳು, ಇಲ್ಲಿ ಶತ್ರುಗಳೇ ಇರಲಾರವು ಅಂತ ಎಲ್ಲರೂ ಹೆದರಿದ್ದರು. ಆದರೆ ಅದೇ ವರ್ಷ ವಿಜ್ಞಾನಿಗಳು ಹೊಲಗಳಲ್ಲಿ ಹುಡುಕಿದಾಗ, ನಮ್ಮ ಕಣಜಗಳು ಆಗಲೇ ಅದರ ಮೊಟ್ಟೆ, ಮರಿಗಳಿಗೆ ಬಿದ್ದಿದ್ದವು. ಒಂದು ಶಿಲೀಂಧ್ರವೂ ಹುಳುವನ್ನು ಕೊಲ್ಲುತ್ತಿತ್ತು. ಹುಳು ನಿಂತಲ್ಲೇ ಸೆಟೆದು, ಮೈಮೇಲೆ ಮೊದಲು ಬಿಳಿ, ಆಮೇಲೆ ತಿಳಿ ಹಸಿರು ಪುಡಿ. ಅಷ್ಟರಿಂದಲೇ ಕಾಟ ನಿಂತಿತು ಅಂತ ನಾನು ಹೇಳುತ್ತಿಲ್ಲ, ನಿಂತಿಲ್ಲ. ಎಕರೆಗಟ್ಟಲೆ ಬರೀ ಮೆಕ್ಕೆಜೋಳ ಇದ್ದಲ್ಲಿ ಬದು ಒಂದೇ ಏನು ಮಾಡೀತು?

ಔಷಧಿ ಜಾಸ್ತಿ ಆದಷ್ಟೂ ಹುಳು ಜಾಸ್ತಿ ಆಗುವುದೂ ಉಂಟು. ಇಂಡೋನೇಷ್ಯಾದಲ್ಲಿ ಭತ್ತಕ್ಕೆ ಕಂದು ಜಿಗಿಹುಳು ಹಾಗೇ ಬಂತು. ಔಷಧಿ ಹೊಡೆದಾಗ ಮೊದಲು ಸತ್ತದ್ದು ಆ ಹುಳುವನ್ನು ತಿನ್ನುವ ಜೇಡಗಳು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿತು. ಭತ್ತದ ಉತ್ಪಾದನೆ ಬೀಳಲಿಲ್ಲ.

ಹಾಗಂತ ಬದುವಿನಲ್ಲಿ ಏನು ಬೆಳೆದರೂ ಸರಿ ಅನ್ನಬೇಡಿ. ಪಾರ್ಥೇನಿಯಂ ಮಾತ್ರ ಬಿಡಬೇಡಿ, ಕೀಳಿ. ಸೂರ್ಯಕಾಂತಿಯನ್ನು ಒಣಗಿಸುವ ವೈರಸ್ ಅದರಲ್ಲೂ ಇರುತ್ತದೆ. ಅದರ ಪರಾಗವನ್ನು ಥ್ರಿಪ್ಸ್ ನುಸಿಗಳು ಮೈಗೆ ಹಚ್ಚಿಕೊಂಡು ಬೆಳೆಗೆ ತರುತ್ತವೆ. ಹೂ ಬಿಡುವ ಮೊದಲೇ ಕಿತ್ತರೆ ಒಳ್ಳೆಯದು. ತುಂಬೆ, ತಂಗಡಿ, ಲಕ್ಕಿ, ಹೊಂಗೆ ಇವನ್ನು ಬಿಡಿ. ಟೊಮೆಟೊ ಸುತ್ತ ಎರಡು ಸಾಲು ಜೋಳ ಹಾಕಿದರೆ ಹುಳು ಹಿಡಿಯುವ ಕಾಜಾಣ ಹಕ್ಕಿ ಕೂರುವುದಕ್ಕೂ ಆಯಿತು.

ಔಷಧಿ ಹೊಡೆಯಲೇಬೇಕಾದರೆ ಸಂಜೆ ಹೊಡೆಯಿರಿ. ಟೊಮೆಟೊ ಹೂವಿಗೆ ಜೇನು ಬರುವುದು ಹೆಚ್ಚಾಗಿ ಬೆಳಗಿನ ಹೊತ್ತು. ಗಾಳಿ ಬದುವಿನ ಕಡೆ ಬೀಸುತ್ತಿದ್ದರೆ ಅವತ್ತು ಬಿಟ್ಟುಬಿಡಿ.

ಕೊನೆಗೆ ಒಂದು. ಎಲೆ ತಿನ್ನುವ ಹುಳುವಿನ ಮೈಮೇಲೆ ಅಥವಾ ಪಕ್ಕದಲ್ಲಿ ಸಣ್ಣ ಸಣ್ಣ ಬಿಳಿ ಗೂಡು ಗುಂಪಾಗಿ ಕಂಡರೆ ಅದು ಹುಳುವಿನ ಮೊಟ್ಟೆ ಅಂತ ತುಂಬ ಜನ ಆ ಎಲೆಯನ್ನೇ ಕಿತ್ತು ಸುಡುತ್ತಾರೆ. ಅದು ಮೊಟ್ಟೆ ಅಲ್ಲ, ಆ ಹುಳುವನ್ನು ಒಳಗಿಂದ ತಿಂದು ಹೊರಬಂದ ಕಣಜದ ಮರಿಗಳ ಗೂಡು. ಹಾಗೇ ಬಿಟ್ಟರೆ ಸ್ವಲ್ಪ ದಿನದಲ್ಲೇ ಅದರಿಂದ ಹೊಸ ಕಣಜಗಳು ಹಾರುತ್ತವೆ. ಯಾರ ತೋಟದಲ್ಲಾದರೂ ಅಂಥದ್ದು ಕಂಡಿದ್ದರೆ ಹೇಳಿ, ಊಟಕ್ಕೆ ಮೊದಲು ಎಲ್ಲರೂ ಹೋಗಿ ನೋಡಿಕೊಂಡು ಬರೋಣ.