ಉಪ್ಪುನೀರು ಬಿಟ್ಟ ಎರಡೇ ನಿಮಿಷಕ್ಕೆ ಎಲೆಯೊಳಗೆ ಏನಾಯ್ತು ನೋಡಿ | ಪ್ಲಾಸ್ಮಾಲಿಸಿಸ್

ನಮಸ್ಕಾರ ಎಲ್ಲರಿಗೂ. ಹಿಂದೆ ಕೇಳುತ್ತಿರುವ ಸದ್ದು ಅಮ್ಮ ಮಾವಿನ ಮಿಡಿ ತೊಳೆಯುತ್ತಿರುವುದು. ಏಪ್ರಿಲ್ ಬಂತು ಅಂದರೆ ನಮ್ಮ ಶಿರಸಿ ಕಡೆ ಮನೆಮನೆಯಲ್ಲೂ ಇದೇ ಕೆಲಸ ಅಲ್ವಾ. ನಾನು ಜಗಲಿ ಮೇಲೆ ಮೈಕ್ರೋಸ್ಕೋಪ್ ಇಟ್ಟುಕೊಂಡು ಕೂತಿದ್ದೇನೆ. ಇವತ್ತು ಒಂದೇ ಪದ, ಪ್ಲಾಸ್ಮಾಲಿಸಿಸ್. ಒಂಬತ್ತನೇ ಕ್ಲಾಸಿನ ವಿಜ್ಞಾನ ಪುಸ್ತಕದಲ್ಲಿ ಬಂದಿರುತ್ತದೆ, ಹಳಬರಿಗೂ ನೆನಪಿರಬಹುದು.

ಇದು ರಿಯೋ ಗಿಡ. ಅಂಗಳದ ಅಂಚಿಗೆ ಅಂದಕ್ಕೆ ಅಂತ ಹಾಕುತ್ತಾರಲ್ಲ, ಅದೇ. ಎಲೆ ಮೇಲೆ ಹಸಿರು, ಕೆಳಗೆ ನೇರಳೆ. ನಮಗೆ ಬೇಕಾದ್ದು ಕೆಳಗಿನ ನೇರಳೆ ಸಿಪ್ಪೆ ಮಾತ್ರ. ಎಲೆಯನ್ನು ಮುರಿದು ಎಳೆದರೆ ಬರುತ್ತದೆ, ನೋಡುತ್ತಿದ್ದೀರಲ್ಲ.

ಈಗ ಈ ಡಬ್ಬಿ ತೋರಿಸಲೇಬೇಕು. ಕವರ್ ಸ್ಲಿಪ್, ಅಂದರೆ ಸ್ಲೈಡಿನ ಮೇಲೆ ಮುಚ್ಚುವ ತೆಳು ಗಾಜಿನ ತುಂಡು, ಆನ್‌ಲೈನಲ್ಲಿ ತರಿಸಿದ್ದು. ನೂರು ತುಂಡಿಗೆ 120 ರೂಪಾಯಿ, ಅದರ ಮೇಲೆ ಕೊರಿಯರ್ 80. ತೆಗೆದು ನೋಡಿದರೆ ಅರ್ಧಕ್ಕಿಂತ ಜಾಸ್ತಿ ಪುಡಿ! ಉಳಿದದ್ದು ಒಂದಕ್ಕೊಂದು ಅಂಟಿಕೊಂಡಿದೆ. ಗಾಜು ಅಂತ ಗೊತ್ತಿದ್ದೂ ಬರೀ ಒಂದು ಕಾಗದದ ಕವರಿನಲ್ಲಿ ಹಾಕಿ ಕಳಿಸಿದ್ದಾರೆ. ಒಂದು ಚೂರು ಥರ್ಮೋಕೋಲ್ ಇಟ್ಟಿದ್ದರೆ ಏನು ಹೋಗುತ್ತಿತ್ತು? ಫೋನ್ ಮಾಡಿದರೆ, ಡಬ್ಬಿ ತೆರೆಯುವಾಗಿನ ವೀಡಿಯೋ ಕಳಿಸಿ ಅಂದರು. ಇಲ್ಲ ಅಂದೆ. ಹಾಗಾದರೆ ಏನೂ ಮಾಡಕ್ಕಾಗಲ್ಲ ಅಂದರು. ನನಗೆ ನಿಜಕ್ಕೂ ಸಿಟ್ಟು ಬಂತು. 200 ರೂಪಾಯಿ ದೊಡ್ಡ ಮೊತ್ತ ಅಲ್ಲ ಅನ್ನಿಸಬಹುದು, ಆದರೆ ಹಳ್ಳಿಯಲ್ಲಿ ಕೂತು ತಾನಾಗಿ ಕಲಿಯಬೇಕು ಅನ್ನುವ ಹುಡುಗ ಹುಡುಗಿಗೆ ಅದು ದೊಡ್ಡದೇ. ಅವರಿಗೆ ಹೀಗೆ ಮಾಡಬಾರದು. ಬೆರಳಿಗೂ ಚುಚ್ಚಿತು, ಈ ಬ್ಯಾಂಡೇಜ್ ಅದೇ. ಸರಿ, ಸರಿ, ಸ್ಲೈಡ್ ಒಣಗುತ್ತದೆ. ಬನ್ನಿ.

ಇದು ಬರೀ ನೀರಿನಲ್ಲಿರುವ ಸಿಪ್ಪೆ. ಜೇನುಹಲ್ಲೆಯ ಕಣ್ಣುಗಳ ಹಾಗೆ ಒತ್ತೊತ್ತಾಗಿ ಕೂತ ಕೋಶಗಳು, ನೇರಳೆ ಬಣ್ಣ ಗೋಡೆಯ ಅಂಚಿನವರೆಗೆ ತುಂಬಿದೆ. ಆ ಬಣ್ಣ ಇರುವುದು ಕೋಶದ ನಡುವಿನ ದೊಡ್ಡ ನೀರಿನ ಚೀಲದಲ್ಲಿ, ಅದಕ್ಕೆ ವ್ಯಾಕ್ಯೂಲ್ ಅನ್ನುತ್ತಾರೆ. ಈಗ ಉಪ್ಪುನೀರು, 100 ಎಂಎಲ್‌ಗೆ 5 ಗ್ರಾಂ. ಮಾತಾಡದೆ ನೋಡೋಣ.

ನೋಡಿ, ನೋಡಿ, ಆ ಮೂಲೆ! ಬಣ್ಣ ಮೂಲೆಯಿಂದ ಹಿಂದೆ ಸರಿಯಿತು. ಆಚೆ ಕೋಶದಲ್ಲೂ. ಗೋಡೆ ಇದ್ದಲ್ಲೇ ಇದೆ, ಒಳಗಿನದು ಮಾತ್ರ ಕುಗ್ಗಿ ನಡುವೆ ಗುಂಡಗೆ ಮುದುಡುತ್ತಿದೆ. ನಾನು ಎಷ್ಟು ಸಲ ನೋಡಿದ್ದೇನೋ, ಈಗಲೂ ಮೈ ಜುಮ್ ಅನ್ನುತ್ತದೆ.

ಈ ಪದ ನನಗೆ ಮೊದಲು ಇಷ್ಟವೇ ಇರಲಿಲ್ಲ. ಹೀಮೋಲಿಸಿಸ್ ಅಂದರೆ ಕೆಂಪು ರಕ್ತಕಣ ಒಡೆಯುವುದು. ಹಾಗಾಗಿ ಪ್ಲಾಸ್ಮಾಲಿಸಿಸ್ ಅಂದರೂ ಏನೋ ಒಡೆದುಹೋಗುವುದು ಅಂತಲೇ ತಿಳಿದಿದ್ದೆ. ಇಲ್ಲಿ ಏನೂ ಒಡೆದಿಲ್ಲವಲ್ಲ, ಕೆಟ್ಟ ಹೆಸರು ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೆ. ಆಮೇಲೆ ಗೊತ್ತಾಯ್ತು, ಗ್ರೀಕಿನಲ್ಲಿ ಲೈಸಿಸ್ ಅಂದರೆ ಬಿಡಿಸುವುದು, ಸಡಿಲವಾಗುವುದು. ಈಗ ಮತ್ತೆ ಆ ಮೂಲೆ ನೋಡಿ. ಗೋಡೆಯ ಒಳಬದಿಗೆ ಕೋಶವನ್ನು ಸುತ್ತಿರುವ ತೆಳು ಪೊರೆ ಗೋಡೆಯಿಂದ ಬಿಡಿಸಿಕೊಳ್ಳುತ್ತಿದೆ. ಇದಕ್ಕಿಂತ ಸರಿಯಾದ ಹೆಸರು ಬೇಕಾ? ಈ ಪದವನ್ನು ಬಳಕೆಗೆ ತಂದವರು ಹಾಲೆಂಡಿನ ಹ್ಯೂಗೋ ಡಿ ವ್ರೀಸ್, 1877ರ ಹೊತ್ತಿಗೆ. 1900ರಲ್ಲಿ ಮೆಂಡೆಲರ ಬಟಾಣಿ ನಿಯಮಗಳನ್ನು ಮತ್ತೆ ಬೆಳಕಿಗೆ ತಂದವರಲ್ಲೂ ಅವರೊಬ್ಬರು.

ಇನ್ನೊಂದು. ಗೋಡೆಗೂ ಪೊರೆಗೂ ನಡುವೆ ಈಗ ಜಾಗ ಆಯ್ತಲ್ಲ, ಚಿತ್ರ ಬರೆಯುವಾಗ ಅದನ್ನು ಖಾಲಿ ಬಿಡುತ್ತಾರೆ. ಖಾಲಿ ಇಲ್ಲ! ಅಲ್ಲಿರುವುದು ನಾವು ಹಾಕಿದ ಉಪ್ಪುನೀರು. ಗೋಡೆ ಉಪ್ಪನ್ನೂ ನೀರನ್ನೂ ಒಳಗೆ ಬಿಡುತ್ತದೆ. ಪೊರೆ ಹಾಗಲ್ಲ, ನೀರನ್ನು ಸಲೀಸಾಗಿ ಬಿಟ್ಟು ಉಪ್ಪನ್ನು ತಡೆಯುತ್ತದೆ. ಹೊರಗೆ ಉಪ್ಪು ಜಾಸ್ತಿ, ಅದಕ್ಕೇ ಒಳಗಿನ ನೀರು ಹೊರಗೆ ಹೋಯಿತು.

ಪದವನ್ನು ಎಲ್ಲೆಂದರಲ್ಲಿ ಬಳಸಬೇಡಿ, ಇದು ನನ್ನ ಕಳಕಳಿಯ ಮಾತು. ಮಧ್ಯಾಹ್ನದ ಬಿಸಿಲಿಗೆ ಬದನೆ ಎಲೆ ಜೋತುಬಿದ್ದರೆ ಅದು ಬಾಡುವುದು, ಒಳಗಿನ ಒತ್ತಡ ಇಳಿದಿರುತ್ತದೆ ಅಷ್ಟೆ. ಪೊರೆ ಗೋಡೆ ಬಿಟ್ಟು ಸರಿದರೆ ಮಾತ್ರ ಪ್ಲಾಸ್ಮಾಲಿಸಿಸ್. ರಕ್ತಕಣ ಉಪ್ಪಿಗೆ ಮುದುಡಿದರೂ ಈ ಪದ ಬರುವುದಿಲ್ಲ, ಅದಕ್ಕೆ ಗೋಡೆಯೇ ಇಲ್ಲ. ಅದು ಕ್ರಿನೇಶನ್. ಆಸ್ಪತ್ರೆಯ ಸಲೈನ್ ಬಾಟಲಿ ಮೇಲೆ 0.9 ಪರ್ಸೆಂಟ್ ಅಂತ ಇರುತ್ತದಲ್ಲ, ರಕ್ತಕಣ ಮುದುಡಲೂ ಬಾರದು, ಒಡೆಯಲೂ ಬಾರದು ಅಂತ ಆ ಲೆಕ್ಕ.

ಅಮ್ಮನ ಭರಣಿಗೆ ಬರೋಣ. ಒಂದು ಪದರ ಮಿಡಿ, ಒಂದು ಪದರ ಕಲ್ಲುಪ್ಪು. ನೀರು ಒಂದು ಹನಿ ಹಾಕಿಲ್ಲ. ಆದರೂ ಕೆಲವು ದಿನಕ್ಕೆ ಮಿಡಿ ಮುಳುಗುವಷ್ಟು ನೀರು. ಇದು ಹೋದ ವಾರದ್ದು, ಕೈಯಲ್ಲಿ ಹಿಡಿದು ತೋರಿಸುತ್ತೇನೆ. ಬಿಗಿಯಾಗಿದ್ದ ಸಿಪ್ಪೆ ಚಿರುಟಿ ಗೆರೆಗೆರೆ ಬಿದ್ದಿದೆ. ಆಹಾ, ಸೊನೆಯ ಪರಿಮಳ ನಿಮಗೆ ಕಳಿಸಲಾಗುವುದಿಲ್ಲವಲ್ಲ. ಅಪ್ಪೆಮಿಡಿಗೆ ಸಮ ಯಾವುದೂ ಇಲ್ಲ. ಪೇಟೆಯ ಬಾಟಲಿ ಉಪ್ಪಿನಕಾಯಿಯಲ್ಲಿ... ಅಯ್ಯೋ, ಸ್ಲೈಡ್!

ಬೇಗ ಬೇಗ. ಉಪ್ಪು ತೆಗೆದು ಬರೀ ನೀರು ಬಿಟ್ಟಿದ್ದೇನೆ. ಬಣ್ಣ ಮತ್ತೆ ಹಿಗ್ಗುತ್ತಿದೆ, ಗೋಡೆ ಮುಟ್ಟಿತು. ಇದು ಡೀಪ್ಲಾಸ್ಮಾಲಿಸಿಸ್. ಕೋಶ ಸತ್ತಿರಲಿಲ್ಲ ಅನ್ನುವುದಕ್ಕೆ ಇದೇ ಸಾಕ್ಷಿ. ಭರಣಿಯ ಮಿಡಿ ಹೀಗೆ ಮರಳುವುದಿಲ್ಲ, ಅಷ್ಟು ದಿನ ಉಪ್ಪಿನಲ್ಲಿದ್ದ ಕೋಶಗಳು ಸತ್ತಿರುತ್ತವೆ. ಈ ಸಿಪ್ಪೆಯಲ್ಲೂ ಕೆಳಗಿನ ಎರಡು ಕೋಶ ಮರಳಿಲ್ಲ ನೋಡಿ, ನಾನು ಮಾತಾಡುತ್ತಾ ತಡಮಾಡಿದೆ.

ಕುದಿಸಿದ ಎಲೆ ಇನ್ನೂ ಇದೆ. ಅದಕ್ಕೆ ಎಷ್ಟು ಉಪ್ಪು ಹಾಕಿದರೂ ಹೀಗೆ ಆಗಲ್ಲ, ಪೊರೆ ಹಾಳಾಗಿರುತ್ತದೆ. ಅದನ್ನೂ ತೋರಿಸಬೇಕಿತ್ತು, ಬ್ಯಾಟರಿ ಕೆಂಪಾಗಿದೆ. ಒಡೆಯದ ಕವರ್ ಸ್ಲಿಪ್ ಇನ್ನು ಮೂವತ್ತು ಇವೆ, ಭಾನುವಾರ ಮಾಡೋಣ. ಬಂದೆ ಅಮ್ಮಾ, ಭರಣಿ ನಾನು ಎತ್ತುತ್ತೇನೆ, ನೀನು ಬಿಡು.