ಹೈಕೋರ್ಟಿಗೆ ಎಷ್ಟು ದೂರ?

ಕೇಳುಗರಿಗೆ ನಮಸ್ಕಾರ.

ತಹಶೀಲ್ದಾರರ ನೋಟಿಸು ಕೈಗೆ ಬಂತೆಂದರೆ ಊರಲ್ಲಿ ಒಬ್ಬರಾದರೂ ‘ಹೈಕೋರ್ಟಿಂದ ಸ್ಟೇ ತರ್ತೀನಿ, ನೋಡ್ತಿರಿ’ ಅನ್ನುತ್ತಾರೆ. ಸುಪ್ರೀಂ ಕೋರ್ಟಿನ ಹೆಸರನ್ನು ಇಷ್ಟು ಸಲೀಸಾಗಿ ಯಾರೂ ಎತ್ತುವುದಿಲ್ಲ. ಜನರ ಈ ಲೆಕ್ಕ ಸರಿಯಾಗಿಯೇ ಇದೆ. ಸಂವಿಧಾನದ 32ನೇ ವಿಧಿ ಹಿಡಿದು ನೇರವಾಗಿ ದಿಲ್ಲಿಗೆ ಹೋಗಬೇಕಾದರೆ ಮೂಲಭೂತ ಹಕ್ಕಿಗೇ ಧಕ್ಕೆಯಾಗಿರಬೇಕು. ಹೈಕೋರ್ಟಿಗೆ 226ನೇ ವಿಧಿ ಕೊಟ್ಟ ಅಧಿಕಾರ ಅದಕ್ಕಿಂತ ಅಗಲ. ಸರ್ಕಾರ ಪಿಂಚಣಿ ತಡೆದರೂ, ಲೈಸೆನ್ಸ್ ರದ್ದು ಮಾಡಿದರೂ ರಿಟ್ ಅರ್ಜಿ, ಅಂದರೆ ಸರ್ಕಾರಕ್ಕೆ ಆದೇಶ ಕೊಡಿ ಎಂದು ಕೇಳುವ ಅರ್ಜಿ, ಹಾಕಬಹುದು.

ಆದರೆ ಈ ಕೋರ್ಟುಗಳು ಹುಟ್ಟಿದ್ದು ಪ್ರಜೆಗಳ ಮೇಲಿನ ಅಕ್ಕರೆಯಿಂದಲ್ಲ. ಈಸ್ಟ್ ಇಂಡಿಯಾ ಕಂಪನಿಯ ಕಾಲದಲ್ಲಿ ಕಲ್ಕತ್ತ, ಮದರಾಸು, ಬೊಂಬಾಯಿ ಪಟ್ಟಣಗಳಿಗೆ ಬ್ರಿಟಿಷ್ ದೊರೆಯ ಹೆಸರಿನ ಕೋರ್ಟು. ಒಳನಾಡಿಗೆ ಕಂಪನಿಯದೇ ಮೇಲಿನ ಕೋರ್ಟಾದ ಸದರ್ ಅದಾಲತ್ತು. ಇವೆರಡನ್ನೂ ಸೇರಿಸಿ 1861ರ ಕಾಯ್ದೆಯಂತೆ 1862ರಲ್ಲಿ ಆ ಮೂರೂ ಕಡೆ ಹೈಕೋರ್ಟು ತೆರೆದರು. ಮೈಸೂರಿನಲ್ಲಿ 1884ರಿಂದ ಇದ್ದ ಚೀಫ್ ಕೋರ್ಟು 1930ರಲ್ಲಿ ಹೈಕೋರ್ಟಾಯಿತು. ಈಗ ದೇಶದಲ್ಲಿ 25 ಇವೆ.

ಇವುಗಳ ಬೆನ್ನುಮೂಳೆ ಎಷ್ಟು ಗಟ್ಟಿಯೆಂದು ತಿಳಿದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್‌ನಲ್ಲಿ ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಿರೋಧ ಪಕ್ಷಗಳ ನಾಯಕರಾದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇಲ್ಲೇ ಬಂಧಿತರಾದರು. ‘ನಮ್ಮನ್ನು ಯಾವ ಕಾನೂನಿನಲ್ಲಿ ಹಿಡಿದಿದ್ದೀರಿ’ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ನಮ್ಮ ಹೈಕೋರ್ಟಿನ ಮುಂದೆ ಬಂತು. ಇಂಥ ಅರ್ಜಿಯನ್ನು ಕೇಳಲೇಬೇಕು ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕದ್ದೂ ಒಂದು. 1976ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ಒಂಬತ್ತನ್ನೂ ತಳ್ಳಿಹಾಕಿತು; ಐವರಲ್ಲಿ ಒಪ್ಪದವರು ನ್ಯಾಯಮೂರ್ತಿ ಖನ್ನಾ ಒಬ್ಬರೇ. ಆ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಲು 2017 ಬರಬೇಕಾಯಿತು. ಹೇಳಿದ್ದು ಖಾಸಗಿತನದ ಮೊಕದ್ದಮೆಯಲ್ಲಿ. ಅದರ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ನನಗಂತೂ ಬಲು ಇಷ್ಟವಾದ ಸಂಗತಿ.

ಇಷ್ಟೆಲ್ಲ ಅಧಿಕಾರವಿದ್ದರೂ ಕಕ್ಷಿದಾರ ಅಲ್ಲಿಗೆ ತಲುಪಬೇಕಲ್ಲ. ಏಕೀಕರಣಕ್ಕೆ ಮೊದಲು ಧಾರವಾಡದವರಿಗೆ ಬೊಂಬಾಯಿ, ಕಲಬುರಗಿಯವರಿಗೆ ಹೈದರಾಬಾದು, ಮಂಗಳೂರಿನವರಿಗೆ ಮದರಾಸು. 1956ರ ನಂತರ ಎಲ್ಲರಿಗೂ ಬೆಂಗಳೂರು. ಬೀದರಿನವರು ಒಂದು ವಾಯಿದೆಗಾಗಿ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು. ವರ್ಷಗಟ್ಟಲೆ ವಕೀಲರು, ಜನರು ಹೋರಾಡಿದ ಮೇಲೆ 2008ರಲ್ಲಿ ಧಾರವಾಡ, ಕಲಬುರಗಿಗಳಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅವು ಕಾಯಂ ಆದವು.

ದಾರಿ ಹತ್ತಿರವಾಯಿತು. ಒಳಗಿನ ಭಾಷೆ ಮಾತ್ರ ಸಂವಿಧಾನದ 348ನೇ ವಿಧಿಯಂತೆ ಇಂಗ್ಲಿಷೇ. ವಾದ ಮುಗಿದು ವಕೀಲರು ಕರಿಕೋಟು ಕೊಡವಿಕೊಂಡು ಹೊರಬರುವಾಗ, ಕುಕ್ಕರುಗಾಲಲ್ಲಿ ಕೂತು ಕಾದಿದ್ದ ಹಿರಿಯರು ಎದ್ದುಬಂದು ಈಗಲೂ ಕೇಳುತ್ತಾರೆ: ‘ಒಳಗ ಏನಂದ್ರು ರೀ ಸಾಹೇಬ್ರ?’